ಬಿಲ್ ಬಂದ ದಿನ, ದುಡ್ಡು ಹೋದ ದಿನ

ಹೋದ ತಿಂಗಳು ಪಕ್ಕದ ಮನೆಯ ಕಾವ್ಯ ಬಂದಿದ್ದಳು. ಬಿ.ಕಾಂ. ಮುಗಿಸಿದ್ದಾಳೆ, ಯಾವುದೋ ಆಸ್ಪತ್ರೆಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು. ಸ್ವೀಟ್ ಕೊಟ್ಟು, ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದಳು: "ಅಂಕಲ್, ನೀವು ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ್ದೀರಲ್ಲ, ಏನಾದ್ರೂ ಟಿಪ್ಸ್ ಕೊಡಿ. ಇಂಟರ್‌ವ್ಯೂನಲ್ಲಿ ಕ್ಯಾಶ್ ರಿಪೋರ್ಟು, ಅಕ್ರೂವಲ್ ರಿಪೋರ್ಟು ಅಂತೆಲ್ಲ ಕೇಳಿದ್ರು. ಸಾಫ್ಟ್‌ವೇರ್‌ನಲ್ಲಿ ಮೇಲ್ಗಡೆ ಒಂದು ಬಟನ್ ಇರುತ್ತೆ, ಅದನ್ನ ಒತ್ತಿದ್ರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. ಅಷ್ಟೇ ತಾನೆ?"

ಅಷ್ಟೇ. ಆದರೂ ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. ಪಾಪದ ಹುಡುಗಿಯ ಮೇಲೆ ಒಂದು ಗಂಟೆ ರೇಗಾಡಿದೆ. ನನ್ನ ಹೆಂಡತಿ ಒಳಗಿನಿಂದ ಬಂದು, "ಕಾಫಿ ಕುಡಿ ಕಣಮ್ಮ, ಇವರು ಬೈತಿರೋದು ನಿನ್ನನ್ನಲ್ಲ" ಎಂದಳು. ನಿಜ. ಯಾರನ್ನು ಬೈಯುತ್ತಿದ್ದೆ ಎಂದು ಅವಳಿಗೆ ಗೊತ್ತು. ಅವತ್ತು ಕಾವ್ಯಳಿಗೆ ಸಿಟ್ಟಿನಲ್ಲಿ ಅಡ್ಡಾದಿಡ್ಡಿ ಹೇಳಿದ್ದನ್ನು ಈಗ ಸ್ವಲ್ಪ ಸಮಾಧಾನದಿಂದ ಬರೆಯೋಣ ಎಂದು ಕೂತಿದ್ದೇನೆ. ಸಮಾಧಾನ ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲ.

ನಾನು ಯಾವ ಆಸ್ಪತ್ರೆಯಲ್ಲಿದ್ದೆ ಎಂದು ಹೇಳುವುದಿಲ್ಲ. ನಜರ್‌ಬಾದಿನ ಕಡೆಯದು, ಒಂದು ಟ್ರಸ್ಟಿನದು, ದೊಡ್ಡದೇನಲ್ಲ. ಕುವೆಂಪುನಗರದ ಮನೆಯಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ನನಗೆ ಮಾತ್ರ ಅರ್ಧ ಗಂಟೆ, ಯಾಕೆಂದರೆ ಗ್ಯಾಸ್ ಆಫ್ ಮಾಡಿದ್ದೇನಾ ನೋಡಲು ಗಲ್ಲಿಯ ಕೊನೆಯಿಂದ ಒಮ್ಮೆ ವಾಪಸು ಬರುತ್ತಿದ್ದೆ. ಗ್ಯಾಸ್ ಹಚ್ಚುವವಳು, ಆರಿಸುವವಳು ನನ್ನ ಹೆಂಡತಿ, ಅವಳು ಮನೆಯಲ್ಲೇ ಇರುತ್ತಿದ್ದಳು. ಆದರೂ. ಇಂಥ ಮನುಷ್ಯನನ್ನು ಲೆಕ್ಕದ ಕೆಲಸಕ್ಕೆ ಇಟ್ಟುಕೊಂಡರೆ ಒಳ್ಳೆಯದು ಅನ್ನಿಸಬಹುದು. ಮುಂದೆ ಓದಿ.

ಮೊದಲು ಆ ಬಟನ್ನಿನ ವಿಷಯ. ನಿಮ್ಮ ಮನೆಗೆ ದಿನಾ ಹಾಲು ಬರುತ್ತದೆ, ತಿಂಗಳ ಲೆಕ್ಕ, ದುಡ್ಡು ಕೊಡುವುದು ಮುಂದಿನ ತಿಂಗಳು ಐದನೇ ತಾರೀಖು. ಅಕ್ರೂವಲ್ ವರದಿ, ಅಂದರೆ ಪುಸ್ತಕದ ಭಾಷೆಯಲ್ಲಿ ಸಂಚಯ ಪದ್ಧತಿಯದು, ಹೀಗೆ ಹೇಳುತ್ತದೆ: ಹಾಲು ಬಂದ ತಿಂಗಳಲ್ಲೇ ಅದು ಖರ್ಚು, ಹಾಲಿನವರಿಗೆ ಇಷ್ಟು ಕೊಡಬೇಕು. ಐದನೇ ತಾರೀಖು ದುಡ್ಡು ಕೊಟ್ಟಾಗ ಹೊಸ ಖರ್ಚೇನೂ ಹುಟ್ಟುವುದಿಲ್ಲ, ಕೊಡಬೇಕಾದ್ದು ತೀರುತ್ತದೆ. ನಗದು ವರದಿ ಬೇರೆ ಹೇಳುತ್ತದೆ: ಐದನೇ ತಾರೀಖಿನ ತನಕ ನೀವು ಹಾಲೇ ಕುಡಿದಿಲ್ಲ. ದುಡ್ಡು ಕೊಟ್ಟ ದಿನ ಒಂದೇ ಗುಟುಕಿಗೆ ಇಡೀ ತಿಂಗಳ ಹಾಲು ಕುಡಿದಿರಿ. ಅರ್ಧ ದುಡ್ಡು ಕೊಟ್ಟರೆ ಅರ್ಧ ಕುಡಿದಿರಿ. ಕೊಡದೇ ಇದ್ದರೆ ಹಾಲಿನವರು ಅನ್ನುವ ಮನುಷ್ಯರೇ ಭೂಮಿಯ ಮೇಲಿಲ್ಲ.

ನಗದು ವರದಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಒಂದನೇ ತಾರೀಖು ಸಂಬಳ ಕೊಡಲು ದುಡ್ಡಿದೆಯಾ ಎಂದು ಕೇಳಿ, ಸರಿಯಾಗಿ ಹೇಳುತ್ತದೆ. ಆದರೆ ನಾವು ಯಾರ ಋಣದಲ್ಲಿದ್ದೇವೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಅದಕ್ಕೇ ಕೆಲವರಿಗೆ ಅದು ಬಹಳ ಇಷ್ಟ.

ನಾನು ಸೇರಿದಾಗ ನಮ್ಮ ಹಿರಿಯ ಅಕೌಂಟೆಂಟ್ ಶಾಮಣ್ಣನವರು. ದಪ್ಪ ಕನ್ನಡಕ, ತೋಳಿಗೆ ಮಸಿಯಾಗದ ಹಾಗೆ ಮಡಚಿದ ಅಂಗಿ. ಬಿಲ್ ಯಾವ ಬಾಗಿಲಿಂದ ಬಂದರೂ ಮೊದಲು ಅದಕ್ಕೆ ತಾರೀಖಿನ ಸೀಲು ಬೀಳಬೇಕು, ಅದು ಅವರ ಕಾನೂನು. ಸರಬರಾಜು ಮಾಡುವವರು ಎದುರಿಗೆ ನಿಂತು ಸೀಲಿನ ಸದ್ದು ಕೇಳಿಸಿಕೊಂಡೇ ಹೋಗುತ್ತಿದ್ದರು. "ನೋಡಯ್ಯಾ ನಾಗರಾಜ, ಬಿಲ್ ಬಂದ ದಿನ ಒಂದು ಸಲ ಬರಿ, ದುಡ್ಡು ಹೋದ ದಿನ ಇನ್ನೊಂದು ಸಲ ಬರಿ. ಎರಡಕ್ಕೂ ಮಧ್ಯೆ ಎಷ್ಟು ದಿನ ಆಯ್ತು ಅನ್ನೋದು ನಮ್ಮ ಮಾನ" ಎನ್ನುತ್ತಿದ್ದರು. ಆ ಕಾಲದಲ್ಲಿ ಟ್ರಸ್ಟಿಗಳ ಮುಂದೆ ಇಡುತ್ತಿದ್ದದ್ದೂ ಅಕ್ರೂವಲ್ ವರದಿಯೇ. ಕೊನೆಯ ಹಾಳೆಯಲ್ಲಿ ಯಾರಿಗೆ ಎಷ್ಟು ಕೊಡಬೇಕು, ಎಷ್ಟು ದಿನದಿಂದ ಎಂಬ ಪಟ್ಟಿ. ಟ್ರಸ್ಟಿಗಳು ಆ ಹಾಳೆಗೆ ಬಂದಾಗ ಕೆಮ್ಮುತ್ತಿದ್ದರು. ಕೆಮ್ಮು ಬರಬೇಕು ಅಂತಲೇ ಶಾಮಣ್ಣ ಅದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದರು.

ಕೈಬರಹದ ಪುಸ್ತಕ ಹೋಗಿ ಕಂಪ್ಯೂಟರ್ ಬಂದ ವರ್ಷ ನಾನು ಮಾಡಿದ ಘನಕಾರ್ಯವನ್ನು ಹೇಳಿಬಿಡುತ್ತೇನೆ. ನೀವೂ ಮಾಡುತ್ತೀರಿ, ಎಲ್ಲರೂ ಮಾಡುತ್ತಾರೆ. ಹತ್ತಿ ಮತ್ತು ಬ್ಯಾಂಡೇಜ್ ಬಟ್ಟೆಯ ಬಿಲ್ ಬಂತು, ಹಾಕಿದೆ. ತಿಂಗಳ ಕೊನೆಗೆ ಚೆಕ್ ಬರೆದೆ. ಚೆಕ್ಕನ್ನು ಆ ಬಿಲ್ಲಿನ ಎದುರಿಗೆ ತೀರಿಸಬೇಕಿತ್ತು. ನಾನು ಜಾಣ, ನೇರವಾಗಿ 'ಹತ್ತಿ, ಬ್ಯಾಂಡೇಜ್ ಖರ್ಚು' ಎಂದು ಬರೆದೆ. ಏನಾಯಿತು? ಬಿಲ್ ಬಂದಾಗ ಒಂದು ಸಲ ಖರ್ಚು, ಚೆಕ್ ಹೋದಾಗ ಇನ್ನೊಂದು ಸಲ ಖರ್ಚು. ಬಿಲ್ಲು ತೀರದೆ ಹಾಗೇ ನಿಂತಿತು. ನಗದು ವರದಿ ಬಿಲ್ಲನ್ನು ನೋಡುವುದೇ ಇಲ್ಲವಲ್ಲ, ಅದರಲ್ಲಿ ಎಲ್ಲ ಸರಿಯಾಗಿತ್ತು. ನಾನು ಅದನ್ನೇ ಮೂರು ಸಲ ತಾಳೆ ನೋಡಿ ಹಾಯಾಗಿದ್ದೆ. ಹೀಗೆ ಮೂರು ತಿಂಗಳು.

ಅಕ್ರೂವಲ್ ವರದಿಯಲ್ಲಿ ಹತ್ತಿಯ ಖರ್ಚು ಎರಡು ಪಟ್ಟಾಗಿರುವುದನ್ನು ಟ್ರಸ್ಟಿಗಳು ನೋಡಿದರು. ನರ್ಸುಗಳು ಹತ್ತಿ ಪೋಲು ಮಾಡುತ್ತಿದ್ದಾರೆ ಎಂದು ಸುತ್ತೋಲೆ ಹೊರಟಿತು. ಹೆಡ್ ನರ್ಸ್ ಸಿಸ್ಟರ್ ಫಿಲೋಮಿನಾ ಆ ಹಾಳೆ ಹಿಡಿದು ನನ್ನ ಮೇಜಿಗೆ ಬಂದರು.

"ನಾಗರಾಜ್, ನನ್ನ ವಾರ್ಡಿನಲ್ಲಿ ಹತ್ತಿ ತಿನ್ನೋರು ಯಾರಿದ್ದಾರೆ ಹೇಳಿ, ಅವರಿಗೆ ಊಟ ಆದ್ರೂ ಕೊಡ್ಸೋಣ."

"ಇಲ್ಲ ಸಿಸ್ಟರ್, ಅದು... ನೋಡ್ತೀನಿ."

ನೋಡಿದೆ. ತಪ್ಪು ನನ್ನದೇ. ಸದ್ದಿಲ್ಲದೆ ಸರಿಮಾಡಿದೆ. ಅಷ್ಟು ಹೊತ್ತಿಗೆ ಸಿಸ್ಟರ್ ಬ್ಯಾಂಡೇಜ್ ತುಂಡುಗಳನ್ನು ಅರ್ಧರ್ಧ ಕತ್ತರಿಸಿ ಬಳಸಲು ಹುಡುಗಿಯರಿಗೆ ಹೇಳಿಕೊಟ್ಟಿದ್ದರು. ಶಾಮಣ್ಣನವರಿಗೆ ಗೊತ್ತಾಯಿತು. "ಸಿಸ್ಟರಿಗೆ ಹೇಳಿದ್ಯಾ?" ಎಂದರು. "ಹೇಳ್ತೀನಿ ಸಾರ್" ಎಂದೆ. ಹೇಳಲಿಲ್ಲ. ಸಿಸ್ಟರ್ ನಿವೃತ್ತರಾಗುವ ದಿನ ಹಾರ ಹಾಕಿದವರಲ್ಲಿ ನಾನೂ ಒಬ್ಬ, ಅವತ್ತೂ ಹೇಳಲಿಲ್ಲ. ಸುತ್ತೋಲೆಯನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ನನ್ನ ಧೈರ್ಯ ಎಷ್ಟು ಕಿಲೋ ತೂಗುತ್ತದೆ ಎಂದು ನಿಮಗೆ ಅಂದಾಜಾಗಲಿ ಎಂದು ಇದನ್ನು ಹೇಳಿದೆ.

ಶಾಮಣ್ಣ ಹೋದರು. ಅವರ ಕುರ್ಚಿಗೆ ನಾನು ಬಂದೆ. ಕೆಲವು ವರ್ಷ ಕಳೆದು ಟ್ರಸ್ಟಿಗೆ ಹೊಸ ಕಾರ್ಯದರ್ಶಿಗಳು ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎಲ್ಲರಿಗೂ ನಗುನಗುತ್ತಾ ನಮಸ್ಕಾರ. ಮೊದಲ ವಾರವೇ ನನ್ನನ್ನು ಕರೆದು ಹೇಳಿದರು: "ನಾಗರಾಜ್, ಟ್ರಸ್ಟಿಗಳು ವಯಸ್ಸಾದವರು. ಅವರಿಗೆ ಈ ಬಾಕಿ ಪಟ್ಟಿ ಎಲ್ಲ ಯಾಕೆ? ಎಷ್ಟು ಬಂತು, ಎಷ್ಟು ಹೋಯ್ತು, ಸಿಂಪಲ್ಲಾಗಿ ನಗದು ವರದಿ ಕೊಡಿ."

ಬಟನ್ ಒತ್ತಿದೆ. ಕೊನೆಯ ಹಾಳೆ ಮಾಯವಾಯಿತು. ಟ್ರಸ್ಟಿಗಳ ಕೆಮ್ಮು ನಿಂತಿತು.

ಇನ್ನೊಂದು ತಿಂಗಳಿಗೆ ಎರಡನೇ ಆಜ್ಞೆ: ಬಿಲ್ ಬಂದರೆ ಸೀಲು ಹಾಕಬೇಡಿ. ದುಡ್ಡು ಕೊಡುವ ದಿನ ಸೀಲು, ಆ ದಿನವೇ ಕಂಪ್ಯೂಟರಿಗೆ. ಅಲ್ಲಿಯ ತನಕ? "ಬಂದಿಲ್ಲ ಅಂದ್ಕೊಳ್ಳಿ" ಎಂದರು. ಅಂದುಕೊಂಡೆ. ಹಳೆಯ ಎಕ್ಸ್‌ರೇ ಕವರುಗಳು ನಮ್ಮಲ್ಲಿ ರಾಶಿ ಬಿದ್ದಿದ್ದವು, ದೊಡ್ಡ ಕಂದು ಲಕೋಟೆಗಳು. ಒಬ್ಬೊಬ್ಬ ಸರಬರಾಜುದಾರರಿಗೆ ಒಂದೊಂದು ಕವರು ಮಾಡಿ, ಬಂದ ಬಿಲ್ಲುಗಳನ್ನು ಅದರೊಳಗೆ ತುರುಕಿ, ಬೀರುವಿನಲ್ಲಿ ನಿಲ್ಲಿಸಿದೆ. ಒಂದು ವರ್ಷದಲ್ಲಿ ಆ ಕವರುಗಳ ಹೊಟ್ಟೆ ಉಬ್ಬಿತು. ಬೀರುವಿನ ಬೀಗ ಹಾಕಿದ್ದೇನಾ ಎಂದು ದಿನಾ ಎರಡು ಸಲ ನೋಡಿಯೇ ಮನೆಗೆ ಹೋಗುತ್ತಿದ್ದೆ. ಬೀಗದ ಬಗ್ಗೆ ಇದ್ದ ಚಿಂತೆ ಒಳಗಿದ್ದ ಜನರ ಬಗ್ಗೆ ಇತ್ತೇ? ಇತ್ತು, ಆದರೆ ಚಿಂತೆ ಮಾಡುವುದೇ ಒಂದು ಕೆಲಸ ಎಂದುಕೊಂಡು ಬೇರೇನೂ ಮಾಡದೆ ಇರುವ ಜಾತಿ ನನ್ನದು.

ಆ ಕವರುಗಳಲ್ಲಿ ಒಂದು ಪುಟ್ಟಗೌರಮ್ಮನವರದು. ಸಿದ್ಧಾರ್ಥನಗರದಲ್ಲಿ ಒಂದು ಶೆಡ್ಡು, ನಾಲ್ಕು ಹೊಲಿಗೆ ಯಂತ್ರ, ನಾಲ್ಕು ಜನ ಹೆಂಗಸರು. ನಮ್ಮ ಆಸ್ಪತ್ರೆಯ ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಥಿಯೇಟರಿನ ಹಸಿರು ಗೌನು ಎಲ್ಲ ಅವರೇ ಹೊಲಿಯುತ್ತಿದ್ದರು. ಐವತ್ತು ದಾಟಿದ, ಕುಳ್ಳಗಿನ, ಕೊರಳಲ್ಲಿ ಸದಾ ಅಳತೆ ಟೇಪು ಹಾಕಿಕೊಂಡ ಹೆಂಗಸು. ಬಾಯಿ ಅಂದರೆ ಬಾಯಿ.

"ಸಾ, ಸೀಲ್ ಹೊಡೀಲಿಲ್ವಲ್ಲ?"

"ಸೀಲಿನ ಇಂಕು ಮುಗಿದಿದೆ ಪುಟ್ಟಗೌರಮ್ಮ."

"ಆರ್ ತಿಂಗಳಿಂದ ಮುಗ್ದದೆ. ನಾನೇ ಒಂದ್ ಬಾಟ್ಲು ತಂದ್ಕೊಡ್ಲಾ? ಅದ್ಕೂ ಬಿಲ್ ಹಾಕಲ್ಲ ಬುಡಿ."

ಕೌಂಟರಿನ ಹುಡುಗಿಯರು ನಕ್ಕರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಆ ನಗುವಿಗೇ ಕಪಾಳಕ್ಕೆ ಹೊಡೆಯಬೇಕು ಅನ್ನಿಸುತ್ತದೆ.

ಆ ವರ್ಷ ಫೆಬ್ರವರಿಯಲ್ಲಿ ಟ್ರಸ್ಟಿಗಳ ಸಭೆ. ನಾನು ಎಂದಿನಂತೆ ನಗದು ವರದಿ ಅಚ್ಚು ಹಾಕಿ ಇಟ್ಟೆ. ಕಾರ್ಯದರ್ಶಿಗಳು ಎದ್ದು ನಿಂತು, ಹೋದ ವರ್ಷಕ್ಕಿಂತ ಖರ್ಚು ಇಳಿದಿದೆ, ಉಳಿತಾಯ ಆಗಿದೆ, ಆ ಉಳಿತಾಯದಲ್ಲೇ ಹೊಸ ಸ್ಕ್ಯಾನಿಂಗ್ ಯಂತ್ರಕ್ಕೆ ಮುಂಗಡ ಕಟ್ಟಬಹುದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಖರ್ಚು ಇಳಿದಿರಲಿಲ್ಲ, ಬೀರುವಿನಲ್ಲಿ ನಿಂತಿತ್ತು. ನಾನು ಮೂಲೆಯಲ್ಲಿ ಕೂತು ಎಸಿಡಿಟಿ ಮಾತ್ರೆ ಚೀಪುತ್ತಿದ್ದೆ. ಯಂತ್ರ ಬರುವ ಕೋಣೆಗೆ ಉದ್ಘಾಟನೆಯೂ ಆಯಿತು. ಕಲ್ಲಿನ ಫಲಕದ ಮೇಲೆ ಜರಿ ಅಂಚಿನ ಪರದೆ, ದಾರ ಎಳೆದರೆ ಸರಿಯುವಂಥದ್ದು. ಆ ಪರದೆ ಹೊಲಿದವರೂ ಪುಟ್ಟಗೌರಮ್ಮನೇ. ಅದರ ಬಿಲ್ಲನ್ನು ಅವತ್ತೇ ತಂದುಕೊಟ್ಟರು. ಅದೂ ಕವರಿಗೆ ಹೋಯಿತು.

ಮಾರ್ಚ್ ಮೂವತ್ತೊಂದು ಬಂತು. ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ, ಈ ವಿದ್ಯೆ ನಿಮಗೆ ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಟ್ರಸ್ಟು ಅಂದಮೇಲೆ ಆ ವರ್ಷ ಬಂದ ದುಡ್ಡಿನಲ್ಲಿ ಹೆಚ್ಚಿನ ಪಾಲನ್ನು ಆ ವರ್ಷವೇ ಖರ್ಚು ಮಾಡಿದ್ದೇವೆ ಎಂದು ತೆರಿಗೆಯವರಿಗೆ ತೋರಿಸಬೇಕು. ಬರೀ ಬಿಲ್ ಇದ್ದರೆ ಸಾಲದು, ದುಡ್ಡು ಕೊಟ್ಟಿರಬೇಕು. ಟ್ರಸ್ಟಿಗಳ ಮುಂದೆ ಖರ್ಚು ಕಮ್ಮಿ ಎಂದಾಗಿದೆ. ತೆರಿಗೆಯವರ ಮುಂದೆ ಖರ್ಚು ಜಾಸ್ತಿ ಆಗಬೇಕು. ಆದರೆ ಬ್ಯಾಂಕಿನಲ್ಲಿರುವ ದುಡ್ಡು ಜೂನಿನಲ್ಲಿ ಯಂತ್ರದ ಮುಂಗಡಕ್ಕೆ ಬೇಕು, ಅದು ಅಲುಗಬಾರದು. ಏನು ಮಾಡಬೇಕು?

ಕಾರ್ಯದರ್ಶಿಗಳು ಬೆಳಿಗ್ಗೆಯೇ ಬಂದರು. "ನಾಗರಾಜ್, ಆ ಕವರೆಲ್ಲ ತೆಗೀರಿ. ಎಲ್ಲ ಬಿಲ್ಲೂ ಇವತ್ತೇ ಎಂಟ್ರಿ ಮಾಡಿ, ಇವತ್ತೇ ಎಲ್ಲರಿಗೂ ಚೆಕ್ ಬರೀರಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಸಾರ್, ಆನ್‌ಲೈನಿನಲ್ಲೇ ಕಳಿಸಿಬಿಡಲಾ? ಸಂಜೆ ಒಳಗೆ ಎಲ್ಲರಿಗೂ ಸೇರುತ್ತೆ."

"ಬೇಡ ಬೇಡ. ಚೆಕ್ಕೇ ಬರೀರಿ."

ಆನ್‌ಲೈನಿನಲ್ಲಿ ಕಳಿಸಿದರೆ ದುಡ್ಡು ನಿಜವಾಗಿಯೂ ಹೋಗುತ್ತದೆ. ಪುಸ್ತಕದಲ್ಲಿ ಹೊರಗೆ ಹೋಗಿ, ಡ್ರಾಯರಿನಲ್ಲಿ ಒಳಗೇ ಕೂರಬಲ್ಲದ್ದು ಚೆಕ್ ಒಂದೇ. ಹತ್ತು ಚೆಕ್ ಬರೆದೆ. ಕಾರ್ಯದರ್ಶಿಗಳ ಸಹಿ, ಖಜಾಂಚಿಗಳ ಸಹಿ, ಎರಡೂ ಬಿತ್ತು. ಹತ್ತನ್ನೂ ಕಾರ್ಯದರ್ಶಿಗಳೇ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟು, ಬೀಗ ಹಾಕಿ, ಕೀಲಿ ನನ್ನ ಕೈಗೇ ಕೊಟ್ಟರು. "ಯಂತ್ರದ ಮುಂಗಡ ಕಟ್ಟಿದ ಮೇಲೆ ನೋಡೋಣ."

ಸಂಜೆ ನಾನು ಎರಡೂ ವರದಿ ತೆಗೆದು ನೋಡಿದೆ. ನಗದು ವರದಿಯಲ್ಲಿ ಪುಟ್ಟಗೌರಮ್ಮನಿಗೆ ಮೂರು ಲಕ್ಷದ ಹನ್ನೆರಡು ಸಾವಿರ ಕೊಡಲಾಗಿದೆ. ಅಕ್ರೂವಲ್ ವರದಿಯಲ್ಲಿ ಬಿಲ್ಲೂ ಅವತ್ತೇ, ಚೆಕ್ಕೂ ಅವತ್ತೇ, ಬಾಕಿ ಸೊನ್ನೆ. ಎರಡೂ ಪದ್ಧತಿ ಜೀವನದಲ್ಲಿ ಮೊದಲ ಸಲ ಒಂದೇ ಮಾತು ಹೇಳುತ್ತಿದ್ದವು. ಆ ಮಾತು ಸುಳ್ಳು. ಹನ್ನೊಂದು ತಿಂಗಳು ಆ ಹೆಂಗಸಿನ ಬಿಲ್ ನಮಗೆ ಬಂದೇ ಇರಲಿಲ್ಲ. ಬಂದ ದಿನವೇ ತೀರಿಹೋಯಿತು. ಇಷ್ಟು ಪ್ರಾಮಾಣಿಕವಾದ ಸಂಸ್ಥೆ ಇಡೀ ಊರಿನಲ್ಲಿ ಇನ್ನೊಂದಿಲ್ಲ!

ಮೇ ತಿಂಗಳಲ್ಲಿ ಆಡಿಟ್ ಶುರುವಾಯಿತು. ಆಡಿಟರುಗಳದೊಂದು ರೂಢಿ ಇದೆ. ಸರಬರಾಜುದಾರರಿಗೆ ಒಂದು ಕಾಗದ ಹೋಗುತ್ತದೆ: ಮಾರ್ಚ್ ಮೂವತ್ತೊಂದಕ್ಕೆ ನಿಮಗೆ ಬರಬೇಕಾದ ಬಾಕಿ ಇಷ್ಟು ಎಂದು ನಮ್ಮ ಪುಸ್ತಕ ಹೇಳುತ್ತದೆ, ಸರಿಯಾಗಿದ್ದರೆ ಸಹಿ ಮಾಡಿ ಎಂದು. ಆಡಿಟರು ನಾಲ್ಕೈದು ಹೆಸರು ಆರಿಸಿದರು. ಅದರಲ್ಲಿ ಪುಟ್ಟಗೌರಮ್ಮ ಇದ್ದರು. ಅಂಚೆಯಲ್ಲಿ ಕಳಿಸಬೇಕಾದ ಕಾಗದ. ಕಾರ್ಯದರ್ಶಿಗಳು ಅದನ್ನು ನನ್ನ ಕೈಗಿಟ್ಟರು.

"ನೀವೇ ಹೋಗಿ ಸಹಿ ಹಾಕಿಸ್ಕೊಂಡು ಬನ್ನಿ. ಆಯಮ್ಮ ನಿಮ್ಮ ಮಾತು ಕೇಳ್ತಾರೆ."

"ಸಾರ್, ಇದರಲ್ಲಿ ಸೊನ್ನೆ ಅಂತಿದೆ."

"ಸಹಿ ಹಾಕಿದ್ರೆ ಮುಂದಿನ ವರ್ಷದ ಆರ್ಡರೂ ಅವರಿಗೇ ಅಂತ ಹೇಳಿ."

ಹೋದೆ. ಹೋಗುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಆ ಕಾಗದ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಡಿಕ್ಕಿ ಮುಚ್ಚಿದೆಯಾ ನೋಡಿದೆ.

ಶೆಡ್ಡಿನಲ್ಲಿ ನಾಲ್ಕು ಯಂತ್ರಗಳಲ್ಲಿ ಎರಡೇ ಓಡುತ್ತಿದ್ದವು. ಮಿಕ್ಕೆರಡರ ಮುಂದೆ ಹೆಂಗಸರು ಸುಮ್ಮನೆ ಕೂತಿದ್ದರು. ಪುಟ್ಟಗೌರಮ್ಮ ನನ್ನನ್ನು ನೋಡಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು.

"ಓಹೋ! ಲೆಕ್ಕದ ಸಾ ಬಂದವ್ರೆ. ಇಂಕ್ ಸಿಕ್ತಾ?"

ನಾನು ಕಾಗದ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಇಂಗ್ಲಿಷಿನ ಕಾಗದ, ಕೆಳಗೆ ಕನ್ನಡದಲ್ಲಿ ಎರಡು ಸಾಲು. ಸೊನ್ನೆಯನ್ನು ಓದಲು ಯಾವ ಭಾಷೆಯೂ ಬೇಡ.

"ಇದೇನ್ ಸಾ? ನನಗೆ ಬರ್ಬೇಕಾದ್ದು ಸೊನ್ನೆ ಅಂತನಾ?"

"ಪುಸ್ತಕದಲ್ಲಿ ಚೆಕ್ ಕೊಟ್ಟಿದ್ದೀವಿ ಪುಟ್ಟಗೌರಮ್ಮ. ಮಾರ್ಚ್‌ನಲ್ಲೇ."

"ಯಾರ್ಗೆ?"

"ನಿಮಗೆ."

"ನಾನ್ ಇಸ್ಕೊಂಡ್ನಾ?"

"ಇಲ್ಲ. ಚೆಕ್ ನನ್ನ ಡ್ರಾಯರಿನಲ್ಲಿದೆ."

ಪುಟ್ಟಗೌರಮ್ಮ ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಬೈಯಲಿಲ್ಲ. ಒಂದು ಸ್ಟೂಲು ಎಳೆದು ಕೂರಿಸಿ, ಲೋಟದಲ್ಲಿ ನೀರು ಕೊಟ್ಟು, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

"ಸಾ, ಇದು ಮೇ ತಿಂಗಳು. ಇಸ್ಕೂಲ್ ಯೂನಿಫಾರಂ ಹೊಲಿಯೋ ತಿಂಗಳು. ಈ ಒಂದ್ ತಿಂಗಳ್ ದುಡೀಮೆ ನಮ್ಗೆ ವರ್ಸಕ್ಕೆ ಆಯ್ತದೆ. ಎರಡ್ ಇಸ್ಕೂಲ್ನೋರು ಆರ್ಡರ್ ಕೊಟ್ಟವ್ರೆ. ಬಟ್ಟೆ ಅಂಗ್ಡಿಯವ್ನು ಹಳೇ ಬಾಕಿ ಕೊಡ್ದೆ ಒಂದ್ ಗಜ ಕೊಡಲ್ಲ ಅಂತ ಕೂತವ್ನೆ. ಹಳೇ ಬಾಕಿ ಯಾವ್ದು? ನಿಮ್ಮ ಹಸ್ರು ಗೌನಿನ ಬಟ್ಟೇದು. ಈ ಶನಿವಾರದೊಳ್ಗೆ ಕೊಡ್ನಿಲ್ಲ ಅಂದ್ರೆ ಇಸ್ಕೂಲ್ನೋರು ಬೇರೆ ಕಡೆ ಹೋಯ್ತಾರೆ. ಈ ಇಬ್ರು" – ಸುಮ್ಮನೆ ಕೂತಿದ್ದ ಹೆಂಗಸರ ಕಡೆ ಕೈ ತೋರಿಸಿದರು – "ಹೋದ್ ವಾರದಿಂದ ಬಂದು ಕೂತ್ಕೊಂಡು ಹೋಯ್ತಾವ್ರೆ. ಅವ್ರ ಸಂಬಳಾನೂ ಸೊನ್ನೆ ಅಂತ ಬರ್ಕೊಳ್ಲಾ?"

"ಸಹಿ ಹಾಕಬೇಡಿ" ಎಂದೆ. ಅದೇ ನನ್ನ ಇಡೀ ವೃತ್ತಿಜೀವನದ ದೊಡ್ಡ ಶೌರ್ಯ ಎಂದುಕೊಂಡೆ.

ಅವರು ನಕ್ಕುಬಿಟ್ಟರು. "ಹಾಕ್ದೆ ಇದ್ರೆ ನನ್ಗೇನ್ ಬತ್ತದೆ? ಸಾ, ಇಂಗ್ ಮಾಡಿ. ನಾನು ಸೈನ್ ಹಾಕ್ತೀನಿ. ನೀವು ಆ ಚೆಕ್ ತಂದು ಕೊಡಿ. ಕೊಟ್ಟಿದ್ದೀವಿ ಅಂತ ನೀವೇ ಬರ್ದಿದ್ದೀರಲ್ಲ, ಕೊಟ್ಬುಡಿ. ಆವಾಗ ಸೊನ್ನೆನೇ ಆಯ್ತದೆ. ಸೊನ್ನೆಗೆ ನಂದೇನ್ ತಕರಾರು?"

ಇಪ್ಪತ್ತೆಂಟು ವರ್ಷ ಲೆಕ್ಕ ಬರೆದ ನನಗೆ ಇದು ಹೊಳೆದಿರಲಿಲ್ಲ. ಚೆಕ್ಕಿಗೆ ಎರಡು ಸಹಿ ಬಿದ್ದಿದೆ. ತಾರೀಖಾಗಿ ಮೂರು ತಿಂಗಳು ಆಗಿಲ್ಲ, ನಡೆಯುತ್ತದೆ. ಬ್ಯಾಂಕಿನಲ್ಲಿ ದುಡ್ಡಿದೆ, ಅದೇ ಚಪ್ಪಾಳೆ ಗಿಟ್ಟಿಸಿದ ಉಳಿತಾಯ. ಪುಸ್ತಕದ ಪ್ರಕಾರ ಅದು ಕೊಟ್ಟಾಗಿದೆ. ಕೀಲಿ ನನ್ನ ಪ್ಯಾಂಟಿನ ಜೇಬಿನಲ್ಲಿದೆ. ಬೆಳಿಗ್ಗೆಯಿಂದ ಅದು ಇದೆಯಾ ಎಂದು ಹದಿನೈದು ಸಲ ಮುಟ್ಟಿ ನೋಡಿದ್ದೆ.

ವಾಪಸು ಆಫೀಸಿಗೆ ಹೋದೆ. ಊಟದ ಹೊತ್ತು, ಯಾರೂ ಇರಲಿಲ್ಲ. ಡ್ರಾಯರು ತೆಗೆದು ಕ್ಲಿಪ್ಪಿನಿಂದ ಒಂದು ಚೆಕ್ ಎಳೆದುಕೊಂಡೆ. ಬೀಗ ಹಾಕಲು ಮೂರು ಸಲ ಬೇಕಾಯಿತು. ಚೆಕ್ಕು, ಚೆಕ್ ಪಡೆದವರು ಸಹಿ ಮಾಡುವ ಪುಸ್ತಕ, ಎರಡನ್ನೂ ಚೀಲದಲ್ಲಿಟ್ಟುಕೊಂಡು ಕಳ್ಳನ ಹಾಗೆ ಮೆಟ್ಟಿಲಿಳಿದೆ. ಕಳ್ಳರು ದುಡ್ಡು ಒಯ್ಯುತ್ತಾರೆ. ನಾನು ದುಡ್ಡು ಯಾರದೋ ಅವರಿಗೆ ಕೊಡಲು ಹೋಗುತ್ತಿದ್ದೆ. ಹೆದರಿಕೆ ಮಾತ್ರ ಅದೇ.

ಪುಟ್ಟಗೌರಮ್ಮ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, ರವಿಕೆಯೊಳಗೆ ಇಟ್ಟರು. ಪುಸ್ತಕದಲ್ಲಿ ಸಹಿ ಮಾಡಿದರು. ಆಮೇಲೆ ಆಡಿಟರ ಕಾಗದ ತೆಗೆದುಕೊಂಡರು.

"ತಾರೀಕು ಯಾವ್ದು ಹಾಕ್ಲಿ ಸಾ? ನಿಮ್ಮದಾ, ನಂದಾ?"

ನನಗೆ ಶಾಮಣ್ಣನವರ ದಪ್ಪ ಕನ್ನಡಕ ಕಂಡಂತಾಯಿತು. "ಇವತ್ತಿಂದೇ ಹಾಕಿ. ಚೆಕ್ ಇವತ್ತು ಬಂತು ಅಂತ ಒಂದು ಸಾಲು ಬರೀರಿ."

ಬರೆದರು. ಸಹಿಯ ಕೆಳಗೆ, ಗುಂಡಗಿನ ಅಕ್ಷರದಲ್ಲಿ: 'ಚೆಕ್ಕು ನನ್ನ ಕೈಗೆ ಬಂದದ್ದು ಇವತ್ತು.' ತಾರೀಖು.

ಆ ಕಾಗದವನ್ನು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟೆ. ಅವರು ಸಹಿ ಒಂದನ್ನೇ ನೋಡಿದರು, ಕೆಳಗಿನ ಸಾಲು ಓದಲಿಲ್ಲ. "ಭೇಷ್ ನಾಗರಾಜ್! ಹೇಗೆ ಒಪ್ಪಿಸಿದ್ರಿ?" ಎಂದು ಬೆನ್ನು ತಟ್ಟಿದರು. ಕಾಗದ ಆಡಿಟರಿಗೆ ಹೋಯಿತು.

ಎರಡು ದಿನ ನಾನು ನಿದ್ದೆ ಮಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಾರ್ಯದರ್ಶಿಗಳ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ನನ್ನ ಮೇಜಿಗೆ ಅವರೇ ಬಂದರು. ನಗು ಇರಲಿಲ್ಲ.

"ಯಾರನ್ನ ಕೇಳಿ ಚೆಕ್ ಕೊಟ್ರಿ?"

ಮಾತು ಬಂತು, ಎಲ್ಲಿಂದ ಬಂತೋ. "ಸಾರ್, ಮಾರ್ಚ್ ಮೂವತ್ತೊಂದಕ್ಕೇ ಕೊಟ್ಟಿದ್ದೀವಲ್ಲ. ನೀವೇ ಸಹಿ ಮಾಡಿದ ವರದಿಯಲ್ಲಿದೆ."

ಅವರು ನನ್ನನ್ನು ನೋಡಿದರು. ನಾನು ಅವರ ಅಂಗಿಯ ಗುಂಡಿಯನ್ನು ನೋಡಿದೆ. ಕೊಟ್ಟಿಲ್ಲ ಎಂದರೆ ವರದಿ ಸುಳ್ಳು, ಕೊಟ್ಟಿದ್ದೇವೆ ಎಂದರೆ ನನ್ನದೇನು ತಪ್ಪು? ಅವರು ಕೈ ಚಾಚಿದರು. ನಾನು ಜೇಬಿನಿಂದ ಕೀಲಿ ತೆಗೆದು ಕೊಟ್ಟೆ.

ಮುಂದಿನದು ಚಿಕ್ಕದು. ಆಡಿಟರು ಆ ಕೆಳಗಿನ ಸಾಲನ್ನು ಓದಿದರು, ಡ್ರಾಯರು ತೆಗೆಸಿದರು, ಮಿಕ್ಕ ಒಂಬತ್ತು ಚೆಕ್ಕುಗಳನ್ನು ರದ್ದು ಮಾಡಿಸಿ ಬಾಕಿ ಎಂದು ಮತ್ತೆ ತೋರಿಸಲು ಹೇಳಿದರು. ವರದಿಯ ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ ಬಂತು. ಟ್ರಸ್ಟಿಗಳು ಅದನ್ನು ಓದಿದರೋ ಇಲ್ಲವೋ, ಯಾರೂ ಕೆಮ್ಮಲಿಲ್ಲ. ಯಂತ್ರದ ಮುಂಗಡವನ್ನು ಜೂನಿನ ಬದಲು ಆಗಸ್ಟಿನಲ್ಲಿ ಕಟ್ಟಿದರು. ಪುಟ್ಟಗೌರಮ್ಮನಿಗೆ ನಮ್ಮ ಆರ್ಡರು ನಿಂತಿತು. "ಪೀಡೆ ಹೋಯ್ತು ಬುಡಿ ಸಾ" ಎಂದರು. ಯೂನಿಫಾರಂ ಮಾತ್ರ ಸಮಯಕ್ಕೆ ಹೊಲಿದುಕೊಟ್ಟರು. ನನ್ನನ್ನು ರೋಗಿಗಳ ಹಳೆಯ ಕೇಸ್ ಶೀಟುಗಳ ಕೋಣೆಗೆ ಹಾಕಿದರು. ಅಲ್ಲಿ ಮೂರು ತಿಂಗಳು ಧೂಳು ಕುಡಿದು, ಐವತ್ತನಾಲ್ಕಕ್ಕೇ ಸ್ವಯಂ ನಿವೃತ್ತಿ ಬರೆದುಕೊಟ್ಟು ಮನೆಗೆ ಬಂದೆ.

ಇದನ್ನು ಹೇಳಿದಾಗ ಕಾವ್ಯ, "ಸೂಪರ್ ಅಂಕಲ್, ನೀವು ಹೀರೋ" ಎಂದಳು. ಆಗಲೇ ನನಗೆ ನಿಜವಾಗಿ ಸಿಟ್ಟು ಬಂದದ್ದು. ಕಾರ್ಯದರ್ಶಿಯ ಮೇಲಲ್ಲ.

ಯಾಕೆಂದರೆ ನಿವೃತ್ತಿಯಾದ ಮೇಲೆ ಒಂದು ಭಾನುವಾರ ಮಾರುಕಟ್ಟೆಯಲ್ಲಿ ಬೀನ್ಸ್ ಆರಿಸುತ್ತಿದ್ದೆ. ಯಾರೋ ಭುಜ ಮುಟ್ಟಿದರು. ಮಹದೇವು, ನಮ್ಮ ಆಸ್ಪತ್ರೆಯ ಜನರೇಟರ್ ರಿಪೇರಿ ಮಾಡುತ್ತಿದ್ದವನು. ಒಂದು ವರ್ಷ ಸ್ವಂತ ದುಡ್ಡು ಹಾಕಿ ಬಿಡಿಭಾಗ ತಂದು ಹಾಕಿದ್ದ. ಆ ದುಡ್ಡು ಸಮಯಕ್ಕೆ ಸಿಗದೆ ಗ್ಯಾರೇಜು ಬಿಟ್ಟು ಈಗ ಇನ್ನೊಬ್ಬರ ಕೈಕೆಳಗೆ ಕೆಲಸಕ್ಕಿದ್ದಾನಂತೆ.

"ಸಾರ್, ಗೌರಕ್ಕಂಗೆ ಚೆಕ್ ನೀವೇ ತಗೊಂಡೋಗಿ ಕೊಟ್ರಂತೆ?"

"ಹೂಂ ಕಣಯ್ಯ."

"ಒಳ್ಳೇದ್ ಮಾಡಿದ್ರಿ." ಕೋಪವಿರಲಿಲ್ಲ ಅವನ ದನಿಯಲ್ಲಿ, ಸುಮ್ಮನೆ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದ. "ನಂದೂ ಅದೇ ಕ್ಲಿಪ್ಪಲ್ಲೇ ಇತ್ತಾ ಸಾರ್?"

ಇತ್ತು. ಪುಟ್ಟಗೌರಮ್ಮನ ಚೆಕ್ಕಿನ ಹಿಂದೆಯೇ ಇತ್ತು. ಅವರದನ್ನು ಎಳೆದಾಗ ಅವನದು ಅರ್ಧ ಹೊರಗೆ ಬಂದಿತ್ತು, ನಾನೇ ಬೆರಳಿನಿಂದ ತಳ್ಳಿ ಒಳಗೆ ಸೇರಿಸಿದ್ದೆ.

"ಇತ್ತು ಮಹದೇವು" ಎಂದೆ.

ಅವನು ತಲೆಯಾಡಿಸಿದ. ನಾನು ಬೀನ್ಸ್ ತುಂಬಲೆಂದು ನನ್ನ ಚೀಲದ ಬಾಯಿ ಹಿಡಿದುಕೊಂಡ.